ಸೆಕೆಂಡ್ ಲೈಫ್: ಅವತಾರದ ಉಡುಪಿನ ಬಣ್ಣ ಹೊಂದಿಸುವುದು ಹೇಗೆ?

ಅಮೆರಿಕದ ಲಿಂಡೆನ್ ಲ್ಯಾಬ್ 2003ರಲ್ಲಿ ತೆರೆದ ಸೆಕೆಂಡ್ ಲೈಫ್ ಎಂಬ ವರ್ಚುವಲ್ ಲೋಕದಲ್ಲಿ ಅವತಾರಗಳು (ಬಳಕೆದಾರರನ್ನು ಪ್ರತಿನಿಧಿಸುವ ರೂಪಗಳು) ತೊಡುವ ಬಟ್ಟೆಗಳನ್ನು ಬಹುಪಾಲು ಅಲ್ಲಿನ ಬಳಕೆದಾರರೇ ತಯಾರಿಸುತ್ತಾರೆ. ಹೊಸದಾಗಿ ಈ ಕೆಲಸಕ್ಕೆ ಇಳಿದವರನ್ನು ಹೆಚ್ಚು ಕಾಡುವುದು ಬಣ್ಣದ ಹೊಂದಾಣಿಕೆ. ಕಡುಗೆಂಪು ಗೌನೊಂದರ ಮೇಲ್ಭಾಗ ಮೈಗೆ ಅಂಟಿದ ಪದರವಾಗಿದ್ದು, ಕೆಳಗಿನ ಘೇರು ಪ್ರತ್ಯೇಕ ಮೆಶ್ (ಮೂರು ಆಯಾಮದ ಆಕೃತಿ) ಆಗಿದ್ದರೆ, ಎರಡಕ್ಕೂ ಒಂದೇ ಬಣ್ಣ ಕೊಟ್ಟಿದ್ದರೂ ಸೊಂಟದ ಬಳಿ ಅವು ಬೇರೆ ಬೇರೆ ಥಾನಿನಿಂದ ಕತ್ತರಿಸಿದ ಬಟ್ಟೆಯಂತೆ ಕಾಣುತ್ತವೆ.

ಮೊದಲು ಬೆಳಕನ್ನು ಸ್ಥಿರಗೊಳಿಸಿ. ಆ ಲೋಕದ ಸೂರ್ಯ ಚಲಿಸುತ್ತಿರುತ್ತಾನೆ. ಸಂಜೆಯ ಬೆಳಕಿನಲ್ಲಿ ಹೊಂದಿಸಿದ ಬಣ್ಣ ನಡುಹಗಲಿನಲ್ಲಿ ಹೊಂದುವುದಿಲ್ಲ. ವರ್ಲ್ಡ್ ಮೆನುವಿನ ಎನ್ವಿರಾನ್‌ಮೆಂಟ್ ವಿಭಾಗದಲ್ಲಿ ಮಿಡ್‌ಡೇ ಆರಿಸಿಕೊಂಡು, ಅವತಾರಕ್ಕೆ ತೊಡಿಸಿದ ಮುಖದೀಪಗಳಿದ್ದರೆ ತೆಗೆದುಹಾಕಿ. ಬಳಿಕ ಮೆಶ್ ಭಾಗವನ್ನು ಎಡಿಟ್ ಮಾಡಿ ಫುಲ್ ಬ್ರೈಟ್ (ಸುತ್ತಲಿನ ಬೆಳಕನ್ನು ಲೆಕ್ಕಿಸದೆ ಪೂರ್ತಿ ಬೆಳಗುವುದು), ಗ್ಲೋ (ಸುತ್ತಲೂ ಹರಡುವ ಪ್ರಭೆ) ಮತ್ತು ಶೈನಿನೆಸ್ (ಹೊಳಪು) ಮೂರೂ ಆಫ್ ಆಗಿವೆಯೇ ಎಂದು ನೋಡಿ. ಎಷ್ಟೋ ಬಾರಿ ದೋಷ ಇಲ್ಲಿಯೇ ಸಿಗುತ್ತದೆ.

ಎರಡನೆಯದು ಟಿಂಟ್. ಟಿಂಟ್ ಎಂದರೆ ಟೆಕ್ಸ್ಚರ್ (ಮೇಲ್ಮೈಗೆ ಹೊದಿಸುವ ಚಿತ್ರ) ಮೇಲೆ ಬಳಿಯುವ ಬಣ್ಣವಲ್ಲ, ಅದು ಗುಣಾಕಾರ. ಟೆಕ್ಸ್ಚರ್‌ನ ಒಂದು ಬಿಂದುವಿನಲ್ಲಿ ಕೆಂಪಿನ ಮೌಲ್ಯ (0ಯಿಂದ 255ರವರೆಗಿನ ಅಂಕಿ) 200 ಇದ್ದು, ಟಿಂಟ್‌ನಲ್ಲಿ ಕೆಂಪು 180 ಇದ್ದರೆ, ಎರಡನ್ನೂ ಗುಣಿಸಿ 255ರಿಂದ ಭಾಗಿಸಿದಾಗ ಬರುವ ಸುಮಾರು 141 ಅಲ್ಲಿನ ಕೆಂಪಾಗುತ್ತದೆ. ಬಿಳಿ ಟಿಂಟ್ ಯಾವ ಬದಲಾವಣೆಯನ್ನೂ ಮಾಡುವುದಿಲ್ಲ. ಉಳಿದ ಪ್ರತಿಯೊಂದು ಟಿಂಟ್ ಮೂಲವನ್ನು ಕಪ್ಪಿನತ್ತ ಒಯ್ಯುತ್ತದೆಯೇ ಹೊರತು ತಿಳಿಗೊಳಿಸಲಾರದು. ಆದ್ದರಿಂದ ಮಬ್ಬಾಗಿ ಕಾಣುವ ಭಾಗವನ್ನು ಟಿಂಟ್‌ನಿಂದ ಬೆಳಗಿಸಲು ಹೆಣಗುವ ಬದಲು, ಹೆಚ್ಚು ಬೆಳಗುವ ಭಾಗವನ್ನು ತಗ್ಗಿಸಿ. ಒಂದೇ ಉಡುಪನ್ನು ಹಲವು ಬಣ್ಣಗಳಲ್ಲಿ ಮಾಡುವ ಉದ್ದೇಶವಿದ್ದರೆ ಎರಡೂ ಭಾಗಗಳಿಗೆ ತಿಳಿ ಬೂದುಬಣ್ಣದ ಒಂದೇ ಮೂಲ ಟೆಕ್ಸ್ಚರ್ ಸಿದ್ಧಪಡಿಸಿ, ಟಿಂಟ್‌ನ ಮೂರು ಅಂಕಿಗಳನ್ನು (ಕೆಂಪು, ಹಸಿರು, ನೀಲಿ) ಬರೆದಿಟ್ಟುಕೊಂಡು ಎರಡೂ ಕಡೆ ಅವನ್ನೇ ತುಂಬುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ಭದ್ರವಾದ ಕ್ರಮ. ಬಣ್ಣದ ಕಿಟಕಿಯಲ್ಲಿರುವ ಪಿಪೆಟ್ ಉಪಕರಣ ಎತ್ತಿಕೊಳ್ಳುವುದು ವಸ್ತುವಿಗೆ ಕೊಟ್ಟಿರುವ ಟಿಂಟನ್ನು, ಕಣ್ಣಿಗೆ ಕಾಣುವ ಬಣ್ಣವನ್ನಲ್ಲ ಎಂಬುದು ನೆನಪಿರಲಿ.

ಮೈಪದರದ ಬಟ್ಟೆಗೆ ಇನ್ನೊಂದು ತೊಡಕಿದೆ. ಚರ್ಮ, ಅಂಗಿ, ಜಾಕೆಟ್ ಮೊದಲಾದ ಪದರಗಳೆಲ್ಲವೂ ಸೇರಿ ಒಂದೇ ಚಿತ್ರವಾಗುತ್ತವೆ. ಇದನ್ನು ಬೇಕಿಂಗ್ ಎನ್ನುತ್ತಾರೆ, 2013ರಿಂದ ಈ ಕೆಲಸ ಸರ್ವರ್‌ನಲ್ಲಿಯೇ ನಡೆಯುತ್ತಿದೆ. ಬಟ್ಟೆಯ ಆಲ್ಫಾ (ಚಿತ್ರದ ಯಾವ ಭಾಗ ಎಷ್ಟು ಪಾರದರ್ಶಕ ಎಂದು ಹೇಳುವ ಪದರ; ಅದರಲ್ಲಿ ಬಿಳಿ ಎಂದರೆ ಪಾರದರ್ಶಕವಲ್ಲ) ಸ್ವಲ್ಪವೇ ಪಾರದರ್ಶಕವಾಗಿದ್ದರೂ ಕೆಳಗಿನ ಚರ್ಮದ ಬಣ್ಣ ಅದರಲ್ಲಿ ಬೆರೆಯುವುದರಿಂದ, ಒಬ್ಬರ ಮೈಮೇಲೆ ಹೊಂದಿದ ಕೆಂಪು ಮತ್ತೊಬ್ಬರ ಮೈಮೇಲೆ ಹೊಂದದೆ ಹೋಗಬಹುದು. ಜಾಲರಿ ಬಟ್ಟೆಯನ್ನು ಬಿಟ್ಟರೆ ಉಳಿದೆಡೆ ಆಲ್ಫಾ ಪೂರ್ಣ ಬಿಳಿಯಾಗಿಯೇ ಇರಲಿ. 2019ರಲ್ಲಿ ಬಂದ ಬೇಕ್ಸ್ ಆನ್ ಮೆಶ್ ಸೌಲಭ್ಯದಿಂದ ಈ ಚಿತ್ರವನ್ನು ಮೆಶ್ ದೇಹದ ಮೇಲೆಯೂ ತೋರಿಸಬಹುದು. ಅಂಥ ದೇಹವಿದ್ದರೆ ಮೇಲ್ಭಾಗ ಮತ್ತು ಘೇರು ಬೆಳಕಿಗೆ ಸ್ಪಂದಿಸುವ ರೀತಿ ಹೆಚ್ಚು ಸಮೀಪವಾಗುತ್ತದೆ. ಆದರೆ ಒಂದು ಭಾಗಕ್ಕೆ ಹೊಸ ಪಿಬಿಆರ್ ಮೆಟೀರಿಯಲ್ (ಬೆಳಕಿಗೆ ನಿಜವಾದ ವಸ್ತುವಿನಂತೆ ಸ್ಪಂದಿಸುವ ಮೇಲ್ಮೈ), ಇನ್ನೊಂದಕ್ಕೆ ಹಳೆಯ ಬಗೆಯ ಟೆಕ್ಸ್ಚರ್ ಹಾಕಿದರೆ ಅಂಕಿಗಳು ಸರಿಯಿದ್ದರೂ ಹೊಂದಾಣಿಕೆ ಕೆಡುತ್ತದೆ.

ಚಿತ್ರಗಳನ್ನು ಪರದೆಗಳಲ್ಲಿ ಸಾಮಾನ್ಯವಾಗಿ ಬಳಸುವ ಎಸ್‌ಆರ್‌ಜಿಬಿ ಬಣ್ಣಕ್ರಮದಲ್ಲಿ ಉಳಿಸಿ, ಕೂಡಲೇ ಅಪ್‌ಲೋಡ್ ಮಾಡದೆ ಟೆಕ್ಸ್ಚರ್ ಕಿಟಕಿಯ ಲೋಕಲ್ ಆಯ್ಕೆಯಿಂದ ಹಾಕಿ ನೋಡಿ. ಅದು ನಿಮ್ಮ ಪರದೆಯಲ್ಲಿ ಮಾತ್ರ ಕಾಣುತ್ತದೆ, ಆದರೆ ಖರ್ಚಿಲ್ಲ. 1024 ಪಿಕ್ಸೆಲ್ ಅಳತೆಯ ಚಿತ್ರವನ್ನು ಅಪ್‌ಲೋಡ್ ಮಾಡಿದರೆ ಸಾಮಾನ್ಯ ಖಾತೆಯವರು ಪ್ರತಿ ಸಲವೂ 10 ಲಿಂಡೆನ್ ಡಾಲರ್ (ಆ ಲೋಕದ ಹಣ) ತೆರಬೇಕು. ನೇಯ್ಗೆಯ ಎಳೆಗಳು ಎರಡೂ ಭಾಗಗಳಲ್ಲಿ ಒಂದೇ ಗಾತ್ರದಲ್ಲಿ ಕಾಣುತ್ತಿವೆಯೇ ಎಂದೂ ಪರೀಕ್ಷಿಸಿ, ಏಕೆಂದರೆ ಎಳೆ ದಪ್ಪಗಿರುವ ಕಡೆ ಬಣ್ಣವೂ ಬೇರೆಯೆಂಬ ಭಾವನೆ ಬರುತ್ತದೆ.

ಕೊನೆಗೆ ಸೂರ್ಯಾಸ್ತ ಮತ್ತು ನಡುರಾತ್ರಿಯ ಬೆಳಕಿನಲ್ಲಿ ಅವತಾರವನ್ನು ನಡೆಸಿ, ತಿರುಗಿಸಿ ನೋಡಿ. ಆಗಲೂ ಸೊಂಟದಲ್ಲಿ ತೆಳುವಾದ ಗೆರೆ ಉಳಿದರೆ ಟಿಂಟನ್ನು ಮತ್ತೆ ಕೆದಕಬೇಡಿ. ಮಡಿಕೆಯ ನೆರಳನ್ನು ಎರಡೂ ಟೆಕ್ಸ್ಚರ್‌ಗಳ ಅಂಚಿಗೆ ಸೇರಿಸಿ, ಇಲ್ಲವೇ ಅಲ್ಲೊಂದು ಪಟ್ಟಿಯನ್ನು ಕೂರಿಸಿ.