ಅಳಿದುಹೋದ ಇಂಗ್ಲಿಷ್ ಪಬ್‌ನ ಚರಿತ್ರೆ ಹುಡುಕುವುದು ಹೇಗೆ

ಇಂಗ್ಲೆಂಡಿನ ಸಂತೆಪೇಟೆಗಳಲ್ಲಿ ಇವತ್ತು ಬ್ಯಾಂಕೋ ಬಟ್ಟೆ ಅಂಗಡಿಯೋ ಆಗಿರುವ ಎಷ್ಟೋ ಕಟ್ಟಡಗಳು ಒಂದು ಕಾಲಕ್ಕೆ ಪಬ್ ಆಗಿದ್ದವು. ಅಂಥದೊಂದರ ಹಿಂದೆ ಬಿದ್ದವರು ಮೊದಲು ಹಿಡಿಯುವುದು ಪಬ್‌ನ ಹೆಸರನ್ನು. ದಾರಿ ತಪ್ಪುವುದೂ ಅಲ್ಲೇ. ಕಟ್ಟಡ, ಹೆಸರು, ಲೈಸೆನ್ಸ್ ಮೂರೂ ಬೇರೆ ಬೇರೆ. ಹೆಸರಿನ ಹಲಗೆ ರಸ್ತೆ ದಾಟಿ ಎದುರು ಮನೆಗೆ ಹೋಗಿರಬಹುದು. ಒಂದೇ ಊರಿನಲ್ಲಿ ಬೇರೆ ಬೇರೆ ಕಾಲಕ್ಕೆ ಎರಡು 'ರೋಸ್ ಅಂಡ್ ಕ್ರೌನ್' ಇದ್ದಿರಬಹುದು. ನೆಚ್ಚಿಕೊಳ್ಳಬೇಕಾದದ್ದು ಲೈಸೆನ್ಸನ್ನು, ಅದು ಯಾರ ಹೆಸರಿನಲ್ಲಿತ್ತೋ ಆ ವ್ಯಕ್ತಿಯನ್ನು.

ಮೊದಲು ಒಂದು ಪಟ್ಟಿ ಮಾಡಿಕೊಳ್ಳಿ: ವರ್ಷ, ಲ್ಯಾಂಡ್‌ಲಾರ್ಡ್, ಪಬ್‌ನ ಹೆಸರು, ಬೀದಿ, ಅಕ್ಕಪಕ್ಕದವರು, ದಾಖಲೆ. ಒಂದು ದಾಖಲೆಗೆ ಒಂದೇ ಸಾಲು. ಎರಡು ದಾಖಲೆಗಳು ಒಂದನ್ನೇ ಹೇಳುವಂತೆ ಕಂಡರೂ ಸೇರಿಸಬೇಡಿ, ಆಮೇಲೆ ಬಿಡಿಸುವುದು ಕಷ್ಟ. ಮುಚ್ಚಿದ ವರ್ಷದಿಂದ ಹಿಂದಕ್ಕೆ ಹೋಗಿ. ಲ್ಯಾಂಡ್‌ಲಾರ್ಡ್ ಎಂದರೆ ಕಟ್ಟಡದ ಮಾಲೀಕ ಎಂದುಕೊಳ್ಳಬೇಡಿ. ಪಬ್ ನಡೆಸುವವನು ಬಹುಪಾಲು ಬಾಡಿಗೆದಾರ. ಮಾಲೀಕತ್ವ ಬ್ರೂವರಿಯದೋ ಊರಿನ ಸಿರಿವಂತರದೋ ಆಗಿರುತ್ತಿತ್ತು.

ನಕ್ಷೆಗೆ ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್‌ಲೆಂಡ್‌ನ ಜಾಲತಾಣ ಸಾಕು. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ, ಮೈಲಿಗೆ 25 ಇಂಚಿನ ಅಳತೆಯ ಹಳೆಯ ನಕ್ಷೆಗಳು ಅಲ್ಲಿ ಉಚಿತ. 'ಪಿ.ಎಚ್.' ಎಂದಿದ್ದರೆ ಪಬ್ಲಿಕ್ ಹೌಸ್, 'ಬಿ.ಎಚ್.' ಎಂದಿದ್ದರೆ ಬಿಯರ್ ಹೌಸ್.

ಈ ಎರಡರ ವ್ಯತ್ಯಾಸ ತಿಳಿಯದೆ ಮುಂದೆ ಹೋಗಬೇಡಿ: ಪಬ್ಲಿಕ್ ಹೌಸ್‌ಗೆ ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕಿತ್ತು, ಬಿಯರ್ ಹೌಸ್‌ಗೆ ಕೆಲವು ದಶಕ ಬೇಕಿರಲಿಲ್ಲ. 1753ರ ಕಾಯ್ದೆಯಿಂದ ಪ್ರತಿ ವರ್ಷ ಪಬ್ ನಡೆಸುವವರು ಮ್ಯಾಜಿಸ್ಟ್ರೇಟರಿಗೆ ಬರೆದುಕೊಟ್ಟ ಮುಚ್ಚಳಿಕೆಗಳನ್ನು ರಿಜಿಸ್ಟರಿನಲ್ಲಿ ದಾಖಲಿಸಬೇಕಾಯಿತು. 1828ರ ಕಾಯ್ದೆ ಬರುವವರೆಗೆ ಈ ಪದ್ಧತಿ ನಡೆಯಿತು. ಅವು ಕೌಂಟಿಯ (ಜಿಲ್ಲೆಯ) ದಾಖಲೆ ಕಚೇರಿಯಲ್ಲಿ, ಮೂರು ತಿಂಗಳಿಗೊಮ್ಮೆ ಸೇರುತ್ತಿದ್ದ ಕ್ವಾರ್ಟರ್ ಸೆಷನ್ಸ್ ನ್ಯಾಯಾಲಯದ ಕಡತಗಳೊಂದಿಗೆ ಸಿಗುತ್ತವೆ. ಎಷ್ಟೋ ಪುಟಗಳಲ್ಲಿ ಇರುವುದು ವ್ಯಕ್ತಿಯ ಹೆಸರು ಮತ್ತು ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಊರಿನ ವಲಯ) ಮಾತ್ರ, ಪಬ್‌ನ ಹೆಸರೇ ಇಲ್ಲ. ಜಾಮೀನು ನಿಂತವರನ್ನೂ ಬರೆದುಕೊಳ್ಳಿ. ಅವರು ಹೆಚ್ಚಾಗಿ ಅದೇ ಊರಿನ ಬೇರೆ ಪಬ್‌ಗಳವರು. ನಿಮ್ಮ ಊರು ಸ್ವಂತ ನ್ಯಾಯಾಲಯವಿದ್ದ ಬರೋ (ಸ್ವಂತ ಆಡಳಿತದ ಪಟ್ಟಣ) ಆಗಿದ್ದರೆ ಕೌಂಟಿಯ ರಿಜಿಸ್ಟರಿನಲ್ಲಿ ಹುಡುಕಿ ಪ್ರಯೋಜನವಿಲ್ಲ, ಬರೋದ ಕಡತವನ್ನೇ ಕೇಳಿ.

1830ರ ಕಾಯ್ದೆಯಿಂದ ತೆರಿಗೆ ಕಟ್ಟುವ ಯಾವ ಮನೆಯವನೂ ಎಕ್ಸೈಸ್ ಇಲಾಖೆಗೆ 2 ಗಿನಿ ಕೊಟ್ಟು ಬಿಯರ್ ಮಾರಬಹುದಾಯಿತು, ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಡ. 1869ರಲ್ಲಿ ಈ ಸಡಿಲಿಕೆ ಹೋಯಿತು. ನಡುವಿನ ಸುಮಾರು ನಲವತ್ತು ವರ್ಷಗಳ ಬಿಯರ್ ಹೌಸ್‌ಗಳು ಲೈಸೆನ್ಸ್ ಕಡತಗಳಲ್ಲಿ ಕಾಣದಿದ್ದರೆ ಕಾರಣ ಇದೇ. ಊರೂರಿನ ವ್ಯಾಪಾರಿಗಳ ಹೆಸರು ಅಚ್ಚು ಹಾಕುತ್ತಿದ್ದ ಪಿಗಟ್, ಕೆಲ್ಲಿ, ವೈಟ್ ಡೈರೆಕ್ಟರಿಗಳಲ್ಲಿ 'ಬಿಯರ್ ರಿಟೇಲರ್ಸ್' ಪಟ್ಟಿ ನೋಡಿ. ಅಲ್ಲಿ ವ್ಯಕ್ತಿಯ ಹೆಸರಿರುತ್ತದೆ, ಪಬ್‌ನ ಹೆಸರು ಅಪರೂಪ. ಡೈರೆಕ್ಟರಿಯ ಮಾಹಿತಿ ಅಚ್ಚಾಗುವ ಹೊತ್ತಿಗೇ ಹಳತಾಗಿರುತ್ತದೆ, ಆದ್ದರಿಂದ ಅದರ ಮೇಲಿನ ವರ್ಷವನ್ನು ಲ್ಯಾಂಡ್‌ಲಾರ್ಡ್ ಬಂದ ವರ್ಷವೆಂದು ಬರೆಯಬೇಡಿ.

ಜನಗಣತಿ ಹತ್ತು ವರ್ಷಕ್ಕೊಮ್ಮೆ, 1841ರಿಂದ 1921ರವರೆಗೆ ಹೆಸರುಸಮೇತ ಸಿಗುತ್ತದೆ. 1931ರದ್ದು ಬೆಂಕಿಗೆ ಆಹುತಿಯಾಯಿತು. ಆ ಜಾಗವನ್ನು, ಯುದ್ಧ ಶುರುವಾದಾಗ ಸರ್ಕಾರ ಮಾಡಿಸಿದ ಜನರ ಪಟ್ಟಿಯಾದ 1939ರ ರಿಜಿಸ್ಟರ್ ಸ್ವಲ್ಪ ತುಂಬುತ್ತದೆ. 1841ರಲ್ಲಿ 15 ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆದದ್ದೇ ಹೆಚ್ಚು: 40 ಎಂದಿದ್ದರೆ 44 ಆಗಿರಲೂಬಹುದು. ಹಾಳೆಯ ಷೆಡ್ಯೂಲ್ ಸಂಖ್ಯೆ ಕುಟುಂಬದ ನಮೂನೆಯ ಕ್ರಮಸಂಖ್ಯೆ, ಮನೆ ನಂಬರ್ ಅಲ್ಲ, ಇದರಲ್ಲಿ ಎಡವುವವರು ಬಹಳ. ಗಣತಿದಾರ ನಡೆದ ದಾರಿಯಲ್ಲಿ ಜಾಗ ಬದಲಿಸದ ಎರಡು ಗುರುತು ಹಿಡಿಯಿರಿ, ಒಂದು ಚರ್ಚು, ಒಂದು ಬ್ಯಾಂಕ್ ಇದ್ದರೆ ಸಾಕು. ನಡುವಿನ ಕುಟುಂಬಗಳನ್ನು ನಕ್ಷೆಯ ಮನೆಗಳ ಮೇಲೆ ಒಂದೊಂದಾಗಿ ಕೂರಿಸಿ. ಪಬ್ ನಡೆಸುವವನು 'ಕಟುಕ' ಅಥವಾ 'ಕಮ್ಮಾರ' ಎಂದು ದಾಖಲಾಗಿರಬಹುದು, ಎರಡು ಕಸುಬು ಸಾಮಾನ್ಯವಾಗಿತ್ತು. ಹೆಸರು ಥಟ್ಟನೆ ಹೆಂಗಸಿನದಾದರೆ ಪ್ಯಾರಿಷ್‌ನ ಸಮಾಧಿ ದಾಖಲೆ ನೋಡಿ: ಎಷ್ಟೋ ಸಲ ಗಂಡ ತೀರಿಕೊಂಡು ಲೈಸೆನ್ಸ್ ವಿಧವೆಗೆ ಬಂದಿರುತ್ತದೆ. ವರ್ಷಗಟ್ಟಲೆ ಪಬ್ ನಡೆಸಿದ ಈ ಹೆಂಗಸರನ್ನು ಪಟ್ಟಿಯಲ್ಲಿ 'ಇಂಥವನ ವಿಧವೆ' ಎಂದು ಬರೆದು ಬಿಡಬೇಡಿ, ಅವರದೇ ಸಾಲು ಕೊಡಿ.

ಪತ್ರಿಕೆಗಳಲ್ಲಿ ಪಬ್‌ನ ಹೆಸರಿನ ಜೊತೆಗೆ ಲ್ಯಾಂಡ್‌ಲಾರ್ಡನ ಮನೆತನದ ಹೆಸರನ್ನೂ ಹುಡುಕಿ. ಲೈಸೆನ್ಸ್ ವರ್ಗಾವಣೆ, ಹರಾಜು, ಪಬ್‌ನಲ್ಲೇ ನಡೆಯುತ್ತಿದ್ದ ಶವತನಿಖೆಗಳ ವರದಿಗಳಲ್ಲಿ ಅವರು ಸಿಗುತ್ತಾರೆ. 1800ಕ್ಕಿಂತ ಹಿಂದಿನ ಪುಟಗಳಲ್ಲಿ ಉದ್ದನೆಯ 'ಎಸ್' ಅನ್ನು ಕಂಪ್ಯೂಟರ್ 'ಎಫ್' ಎಂದು ಓದಿಬಿಡುತ್ತದೆ, ಹಾಗೆಯೂ ಟೈಪ್ ಮಾಡಿ ನೋಡಿ.

ಮುಚ್ಚಿದ್ದೇಕೆ ಎಂಬುದಕ್ಕೆ ಉತ್ತರ ಕೆಲವೊಮ್ಮೆ ಊರಾಚೆ ಇರುತ್ತದೆ. ವಿಲ್ಟ್‌ಶೈರಿನ ಮಾರ್ಲ್‌ಬರೋದಲ್ಲಿ ಡ್ಯೂಕ್ ಆಫ್ ಸಾಮರ್ಸೆಟ್‌ನ ಬಂಗಲೆ 1751ರಲ್ಲಿ ಕ್ಯಾಸಲ್ ಇನ್ ಎಂಬ ತಂಗುಮನೆ ಆಯಿತು. ಆರಂಭದ ದಿನಗಳಲ್ಲಿ ಅದನ್ನು ನಡೆಸಿದ ಜಾರ್ಜ್ ಸ್ಮಿತ್ ಅದಕ್ಕೆ ಮೊದಲು ಲಂಡನ್ನಿನಲ್ಲಿ ಆರ್ಟಿಲರಿ ಗ್ರೌಂಡ್ ಕ್ರಿಕೆಟ್ ಮೈದಾನ ನೋಡಿಕೊಳ್ಳುತ್ತಿದ್ದವನು. ಲಂಡನ್–ಬಾತ್ ರಸ್ತೆಯ ಕುದುರೆಗಾಡಿಗಳೇ ಆ ಇನ್‌ನ ಜೀವ. 1841ರಲ್ಲಿ ಲಂಡನ್–ಬ್ರಿಸ್ಟಲ್ ರೈಲುದಾರಿ ಮಾರ್ಲ್‌ಬರೋ ಬಿಟ್ಟು ಸ್ವಿಂಡನ್ ಮೂಲಕ ಪೂರ್ತಿಯಾಯಿತು. 1843ರಲ್ಲಿ ಆ ಕಟ್ಟಡದಲ್ಲಿ ಮಾರ್ಲ್‌ಬರೋ ಕಾಲೇಜ್ ಶುರುವಾಯಿತು.

1904ರ ನಂತರ ಮುಚ್ಚಿದ್ದಾದರೆ ಪರಿಹಾರದ ಕಡತ ಕೇಳಿ. ಊರಿಗೆ ಹೆಚ್ಚಾಯಿತೆಂದು ಪಬ್‌ಗಳನ್ನು ಪರಿಹಾರ ಕೊಟ್ಟು ಮುಚ್ಚಿಸುವ ಕಾಯ್ದೆ ಆ ವರ್ಷ ಬಂತು. 1910ರ ಸುಮಾರಿಗೆ ಪಬ್ ಇನ್ನೂ ನಡೆಯುತ್ತಿದ್ದರೆ ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ, ಆಗ ತೆರಿಗೆಗಾಗಿ ಆಸ್ತಿಗಳ ಬೆಲೆ ಕಟ್ಟಿದ ಸರ್ವೆಯ 'ಐಆರ್ 58' ಫೀಲ್ಡ್ ಬುಕ್ ತರಿಸಿ. ಮೊದಲು ಆ ಸರ್ವೆಯ ನಕ್ಷೆಯಲ್ಲಿ ಆಸ್ತಿಯ ಸಂಖ್ಯೆ ಹಿಡಿಯಬೇಕು, ಆಮೇಲೆ ಪುಸ್ತಕ. ಒಂದೊಂದು ಆಸ್ತಿಗೆ ನಾಲ್ಕು ಪುಟ: ಮಾಲೀಕ ಯಾರು, ನಡೆಸುವವರು ಯಾರು, ಬಾಡಿಗೆ ಎಷ್ಟು, ಅಧಿಕಾರಿ ವಿವರವಾಗಿ ಬರೆದಿದ್ದರೆ ಯಾವ ಕೋಣೆ ಎಲ್ಲಿ, ಲಾಯ ಎಲ್ಲಿ ಎಂಬುದೂ ಅಲ್ಲೇ ಸಿಗುತ್ತದೆ.