ಕಲಬುರಗಿಯ ಮೂರು ಹಳೆಯ ಯಂತ್ರಗಳ ಮೇಲೆ ಡೇಟಾಹಬ್: ನನ್ನ ಅನುಭವ

ತೊಗರಿ ವಹಿವಾಟಿನ ನಮ್ಮ ಸಂಸ್ಥೆಯ ಡೇಟಾ ಕ್ಯಾಟಲಾಗ್ ಆದ ಡೇಟಾಹಬ್ (ಯಾವ ಮಾಹಿತಿ ಯಾವ ಕೋಷ್ಟಕದಲ್ಲಿದೆ, ಅದರ ಅರ್ಥವೇನು ಎಂದು ತೋರಿಸುವ ತಂತ್ರಾಂಶ) ಈಗ ಕಲಬುರಗಿಯ ಕಚೇರಿಯಲ್ಲಿಯೇ, ಕೆ3ಎಸ್ ಕ್ಲಸ್ಟರ್ (ಹಗುರವಾದ ಕುಬರ್ನೆಟೀಸ್‌ನಿಂದ ಒಟ್ಟಾಗಿ ನಡೆಯುವ ಯಂತ್ರಗಳ ಗುಂಪು) ಮೇಲೆ, ಒಂದು ಬೇಸಿಗೆಯನ್ನೂ ಒಂದು ಆವಕದ ಹಂಗಾಮನ್ನೂ ದಾಟಿ ನಡೆಯುತ್ತಿದೆ. “ಇದೆಲ್ಲಾ ಇಲ್ಲಿ ನಡಿಯಂಗಿಲ್ರಿ” ಎಂದಿದ್ದ ನಮ್ಮ ಸಾವಕಾರರೇ ಈಗ ವರದಿಯಲ್ಲಿ ಅನುಮಾನ ಬಂದರೆ ಮೊದಲು ಕ್ಯಾಟಲಾಗ್ ತೆರೆಸುತ್ತಾರೆ. ಅದರ ಅಗತ್ಯ ನಮಗೆ ನಿಜವಾಗಿಯೂ ಇತ್ತು: ಗಿರಣಿಯ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿರುವ ‘ರೇಟ್’ ಕಾಲಮ್ ಕ್ವಿಂಟಲ್ ಲೆಕ್ಕದ್ದು, ಖರೀದಿ ವಿಭಾಗದ ಮೈಎಸ್‌ಕ್ಯುಎಲ್‌ನ ‘ರೇಟ್’ ಚೀಲದ ಲೆಕ್ಕದ್ದು. ಎರಡನ್ನೂ ಕೂಡಿಸಿದ ವರದಿಯೊಂದು ತಿಂಗಳುಗಟ್ಟಲೆ ಎಲ್ಲರ ಕೈಯಲ್ಲಿ ಓಡಾಡಿತ್ತು.

ಮೊದಲು ಹಣದ ಮಾತು. ಕ್ಲೌಡ್‌ನಲ್ಲಿ ಮೂರು ನೋಡ್ (ಯಂತ್ರ), ನಿರ್ವಹಿತ ಡೇಟಾಬೇಸ್ ಮತ್ತು ಡಿಸ್ಕ್ ಸೇರಿ ನಮಗೆ ಬಂದ ಅಂದಾಜು ತಿಂಗಳಿಗೆ ಸುಮಾರು 25 ಸಾವಿರ ರೂಪಾಯಿ. ಅದರ ಬದಲು 16 ಜಿಬಿ ಮೆಮೊರಿಯ ಮೂರು ಹಳೆಯ ಡೆಸ್ಕ್‌ಟಾಪ್‌ಗಳನ್ನು ಸಿಕಂದರಾಬಾದಿನಿಂದ ತರಿಸಿದೆವು. ಒಂದೊಂದಕ್ಕೆ 16–17 ಸಾವಿರ ಬಿದ್ದ ನೆನಪು. ಎನ್‌ವಿಎಂಇ ಡಿಸ್ಕ್, ಸ್ವಿಚ್, ಯುಪಿಎಸ್ ಎಲ್ಲ ಸೇರಿ 70 ಸಾವಿರದ ಆಸುಪಾಸಿನಲ್ಲಿ ಮುಗಿಯಿತು. ಬೇಸಿಗೆಯಲ್ಲಿ ಇಲ್ಲಿ 42 ಡಿಗ್ರಿ ದಾಟುವುದರಿಂದ ಯಂತ್ರಗಳ ಕೋಣೆಗೆ ಎಸಿ ಅನಿವಾರ್ಯ, ಆ ವಿದ್ಯುತ್ ಬಿಲ್ಲನ್ನು ಲೆಕ್ಕಕ್ಕೆ ಹಿಡಿದರೂ ನಾಲ್ಕೈದು ತಿಂಗಳಲ್ಲಿ ಹಾಕಿದ ಖರ್ಚು ಮರಳಿ ಬಂದಿತು.

ಹೆಲ್ಮ್ ಚಾರ್ಟ್ (ಕುಬರ್ನೆಟೀಸ್ ಮೇಲೆ ತಂತ್ರಾಂಶ ಸ್ಥಾಪಿಸುವ ಸಿದ್ಧ ಕಟ್ಟು) ಹಾಕುವ ಕ್ರಮ ನಿಮಗೆ ಗೊತ್ತಿರುವುದೇ, ನಾನು ಹೇಳಬೇಕಾದದ್ದು ಕೆಟ್ಟು ನಿಂತ ಕಡೆಗಳನ್ನು. ಹುಡುಕಾಟದ ಎಂಜಿನ್ ಆದ ಎಲಾಸ್ಟಿಕ್‌ಸರ್ಚ್‌ನ ಪಾಡ್ (ಕುಬರ್ನೆಟೀಸ್ ಓಡಿಸುವ ಘಟಕ) ಮೇಲಿಂದ ಮೇಲೆ 137 ಸಂಕೇತ ಕೊಟ್ಟು, ಅಂದರೆ ಮೆಮೊರಿ ಮಿತಿ ಮೀರಿ, ಸಾಯುತ್ತಿತ್ತು. ಅದು ಕಾಯ್ದಿರಿಸಿಕೊಳ್ಳುವ ಜಾವಾ ಹೀಪ್ ಮೆಮೊರಿಯನ್ನು ಕಂಟೇನರ್ ಮಿತಿಯ ಅರ್ಧಕ್ಕೆ ಇಳಿಸಿದ ಮೇಲೆ ಅದು ನಿಂತಿತು. ಆಮೇಲೆ ಬೇರೊಂದು ಕಾಟ: ಎಲಾಸ್ಟಿಕ್‌ಸರ್ಚ್ ಒಂದೇ ಪಾಡ್ ಆಗಿರುವಾಗ ಪ್ರತಿಕೃತಿ ಶಾರ್ಡ್‌ಗೆ (ಸೂಚಿಯ ತುಣುಕಿನ ನಕಲಿಗೆ) ಕೂರಲು ಜಾಗವೇ ಇರುವುದಿಲ್ಲ, ಆರೋಗ್ಯ ಸೂಚನೆ ಹಳದಿಯಲ್ಲಿಯೇ ಉಳಿಯುತ್ತದೆ, ರೆಡಿನೆಸ್ ಪ್ರೋಬ್ ಹಸಿರಿಗಾಗಿ ಕಾಯುತ್ತಾ ಪಾಡ್ ಅನ್ನು ಸಿದ್ಧವೆಂದು ಒಪ್ಪುವುದೇ ಇಲ್ಲ. ಹಳದಿ ಬಂದರೆ ಸಾಕು ಎಂದು ನಿಯತಾಂಕ ಬದಲಿಸಿದೆ. ಡೇಟಾಹಬ್‌ನ ಮುಖ್ಯ ಸರ್ವರ್ ಆದ ಜಿಎಂಎಸ್‌ನ ಪಾಡ್ ಹಳೆಯ ಡಿಸ್ಕಿನ ಮೇಲೆ ಎದ್ದು ಕೂರುವಷ್ಟರಲ್ಲಿಯೇ ಲೈವ್‌ನೆಸ್ ಪ್ರೋಬ್ (ಪಾಡ್ ಜೀವಂತವಿದೆಯೇ ಎಂಬ ತಪಾಸಣೆ) ಅದನ್ನು ಕೊಂದು ಮತ್ತೆ ಎಬ್ಬಿಸುತ್ತಿತ್ತು. ಅದಕ್ಕೆ, ಪಾಡ್ ಪೂರ್ತಿ ಏಳುವ ತನಕ ಆ ತಪಾಸಣೆಯನ್ನು ತಡೆಹಿಡಿಯುವ ಸ್ಟಾರ್ಟಪ್ ಪ್ರೋಬ್ ಸೇರಿಸಿದೆ. ಅಲ್ಲಿ ಇಟ್ಟ ಸಂಖ್ಯೆಗಳನ್ನು ಕೊಡುವುದಿಲ್ಲ, ನಿಮ್ಮ ಡಿಸ್ಕಿನ ವೇಗ ನೋಡಿ ನೀವೇ ಇಟ್ಟುಕೊಳ್ಳಬೇಕು.

ನಿಯೋ4ಜೆ ಎಂಬ ಗ್ರಾಫ್ ಡೇಟಾಬೇಸ್ ಬಿಟ್ಟು, ಕೋಷ್ಟಕಗಳ ನಡುವಿನ ಸಂಬಂಧ ಹಿಡಿದಿಡುವ ಗ್ರಾಫ್ ಕೆಲಸವನ್ನೂ ಎಲಾಸ್ಟಿಕ್‌ಸರ್ಚ್‌ಗೆ ವಹಿಸಿದ್ದರಿಂದ ಸುಮಾರು ಎರಡು ಜಿಬಿ ಮೆಮೊರಿ ಉಳಿಯಿತು. ಆಕ್ಷನ್ಸ್ ಪಾಡ್ ಅನ್ನೂ ಮುಚ್ಚಿದೆ. ಪರದೆಯಿಂದ ಇಂಜೆಸ್ಟ್ ಮಾಡುವ (ಡೇಟಾಬೇಸ್‌ಗಳ ವಿವರವನ್ನು ಕ್ಯಾಟಲಾಗ್‌ಗೆ ಎಳೆದುಕೊಳ್ಳುವ) ಸೌಲಭ್ಯ ಅದರೊಂದಿಗೆ ಹೋಯಿತು, ಆದರೆ ರಾತ್ರಿ ಎರಡಕ್ಕೆ ಓಡುವ ಕ್ರಾನ್‌ಜಾಬ್ ಅದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ. ದೊಡ್ಡ ಕೋಷ್ಟಕಗಳಿಗೆ ಪ್ರೊಫೈಲಿಂಗ್ (ಸಾಲುಗಳನ್ನು ಓದಿ ಅಂಕಿಅಂಶ ತೆಗೆಯುವುದು) ಪೂರ್ತಿ ಬಂದ್. ಡಿಸೆಂಬರ್–ಜನವರಿಯಲ್ಲಿ ತೊಗರಿ ಬಂದು ಸಾಲುಗಳು ಎಷ್ಟು ಲಕ್ಷ ಬೆಳೆದರೂ ಕ್ಯಾಟಲಾಗ್‌ಗೆ ಹೊರೆ ಹೆಚ್ಚಲಿಲ್ಲ, ಏಕೆಂದರೆ ಅದು ಹೊರುವುದು ಸಾಲುಗಳನ್ನಲ್ಲ, ಅವುಗಳ ವಿವರವನ್ನು.

ಇಡೀ ಯೋಜನೆ ನಿಂತಿರುವುದು ಒಂದೇ ತಿಳಿವಳಿಕೆಯ ಮೇಲೆ: ಡೇಟಾಹಬ್‌ನಲ್ಲಿ ಮೂಲ ದಾಖಲೆ ಇರುವುದು ಅದರದೇ ಬೇರೆ ಮೈಎಸ್‌ಕ್ಯುಎಲ್‌ನಲ್ಲಿ, ಹುಡುಕಾಟದ ಸೂಚಿಯನ್ನು ಅದರಿಂದಲೇ ಮತ್ತೆ ಕಟ್ಟಬಹುದು. ಆದ್ದರಿಂದ ಒಳ್ಳೆಯ ಡಿಸ್ಕ್ ಒಂದನ್ನೇ ಕೊಂಡು, ಪಾಡ್ ಯಾವ ಯಂತ್ರದಲ್ಲಿ ಓಡಬೇಕೆಂದು ಹೇಳುವ ನೋಡ್ ಸೆಲೆಕ್ಟರ್‌ನಿಂದ ಮೈಎಸ್‌ಕ್ಯುಎಲ್ ಅನ್ನು ಆ ಡಿಸ್ಕ್ ಇರುವ ಯಂತ್ರಕ್ಕೆ ಕಟ್ಟಿಹಾಕಿ, ಗಂಟೆಗೊಮ್ಮೆ ಡಂಪ್ (ಪೂರ್ತಿ ನಕಲು) ತೆಗೆದು ಬೇರೆ ಯಂತ್ರಕ್ಕೆ ಕಳಿಸುತ್ತೇನೆ. ಮೇ ತಿಂಗಳ ಗಾಳಿಮಳೆಯಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೂಡ ಬರಿದಾದ ರಾತ್ರಿ ಎಲಾಸ್ಟಿಕ್‌ಸರ್ಚ್ ಸೂಚಿ ಕೆಟ್ಟೇ ಹೋಯಿತು. ಬೆಳಿಗ್ಗೆ ಸೂಚಿ ಮರುಸ್ಥಾಪನೆಯ ಜಾಬ್ ಓಡಿಸಿದೆ, ಸುಮಾರು ಇಪ್ಪತ್ತು ನಿಮಿಷದಲ್ಲಿ ಎಲ್ಲ ಕೋಷ್ಟಕಗಳೂ ಹುಡುಕಾಟಕ್ಕೆ ಸಿಕ್ಕವು. ಕರೆಂಟ್ ಬಂದ ಮೇಲೆ ಯಾವ ಪಾಡ್ ಮೊದಲು, ಯಾವುದು ನಂತರ ಏಳಬೇಕು ಎಂಬುದಕ್ಕೆ ಒಂದು ಸಣ್ಣ ಸ್ಕ್ರಿಪ್ಟ್ ಬರೆದಿದ್ದೇನೆ, ಸದ್ಯ ಅದು ನಮ್ಮಲ್ಲಿಯೇ ಇರಲಿ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ: ಕಾಲಮ್ ವಿವರಣೆಗಳನ್ನೆಲ್ಲ ಕನ್ನಡದಲ್ಲಿ ಬರೆದೆ. ‘ತೊಗರಿ’ ಎಂದು ಹುಡುಕಿದರೆ ಸಿಗುತ್ತಿತ್ತು, ವಿವರಣೆಯಲ್ಲಿ ‘ತೊಗರಿಯ’ ಎಂದಿದ್ದರೆ ತಪ್ಪಿಹೋಗುತ್ತಿತ್ತು, ಏಕೆಂದರೆ ವಿಭಕ್ತಿ ಕಳಚುವ ಕನ್ನಡದ ಸ್ಟೆಮ್ಮರ್ ಎಲಾಸ್ಟಿಕ್‌ಸರ್ಚ್‌ನೊಂದಿಗೆ ಬರುವುದಿಲ್ಲ. ಪದಗಳನ್ನು ಒಡೆದು ಸೂಚಿಗೆ ಸೇರಿಸುವ ಅನಲೈಜರ್ ತಿದ್ದುವ ಗೋಜಿಗೆ ಹೋಗದೆ, ‘ತೊಗರಿ’, ‘ತೂರ್’, ‘ಅರ್ಹರ್’ ಮೂರನ್ನೂ ಡೇಟಾಹಬ್‌ನ ಗ್ಲಾಸರಿಯ (ಪದಕೋಶದ) ಒಂದೇ ಪದದ ವಿವರಣೆಯಲ್ಲಿಟ್ಟು ಆ ಪದವನ್ನೇ ಕಾಲಮ್‌ಗಳಿಗೆ ಅಂಟಿಸಿದೆ. ಗುಮಾಸ್ತರು ಹಿಂದಿಯ ಹೆಸರು ಹಾಕಿದರೂ ಈಗ ಆ ಪದದ ಪುಟ ತೆರೆಯುತ್ತದೆ, ಅಲ್ಲಿಂದ ಸರಿಯಾದ ಕೋಷ್ಟಕಕ್ಕೆ ಹೋಗುತ್ತಾರೆ.

ಇನ್ನು ಉಳಿದಿರುವುದು ಆವೃತ್ತಿ ಏರಿಸುವ ಕೆಲಸ. ಅಪ್‌ಗ್ರೇಡ್ ಜಾಬ್ ಸೂಚಿಗಳ ರಚನೆಯನ್ನೇ ಬದಲಿಸಬಹುದಾದ್ದರಿಂದ, ಆವಕ ಇಳಿದ ಮಾರ್ಚ್ ತಿಂಗಳಲ್ಲಿ, ಹೊಸ ಡಂಪ್ ತೆಗೆದು ಬೇರೆ ನೇಮ್‌ಸ್ಪೇಸ್‌ನಲ್ಲಿ (ಕ್ಲಸ್ಟರ್‌ನೊಳಗಿನ ಪ್ರತ್ಯೇಕ ವಿಭಾಗದಲ್ಲಿ) ಹೊಸ ಆವೃತ್ತಿಯನ್ನು ಎಬ್ಬಿಸಿ ನೋಡಿದ ಮೇಲೆಯೇ ಮೂಲ ಡೇಟಾಹಬ್‌ಗೆ ಕೈ ಹಾಕುತ್ತೇನೆ.