ಡೀಲರ್ ಹತ್ರ ಹಳೆ ಕಾರ್ ತಗೊಳ್ತಿದ್ದೀರಾ? ಬಿಲ್ ಯಾರ ಹೆಸರಲ್ಲಿದೆ ಅಂತ ಮೊದ್ಲು ನೋಡಿ

ಹೋದ ವರ್ಷ ನಮ್ಮ ಅತ್ತೆ ಮಗ ಒಬ್ಬ ಡೀಲರ್ ಹತ್ರ ಐದು ವರ್ಷ ಹಳೇದೊಂದು ಡೀಸೆಲ್ ಗಾಡಿ ತಗೊಂಡ. ಮೀಟರಲ್ಲಿ 52,000 ಇತ್ತು, ಎರಡೇ ತಿಂಗಳಿಗೆ ಕ್ಲಚ್ ಹೋಯ್ತು, ಕಂಪನಿ ಸರ್ವಿಸ್ ಸೆಂಟರ್‌ಗೆ ಬಿಟ್ರೆ ಅವರ ಕಂಪ್ಯೂಟರಲ್ಲಿ ಎರಡು ವರ್ಷದ ಹಿಂದೇನೇ 90,000 ದಾಟಿದೆ ಅಂತ ಬಂತು. ವಾಪಸ್ ಹೋಗಿ ಕೇಳಿದ್ರೆ "ನಾನೆಲ್ಲಿ ಮಾರಿದೀನಿ ಸಾರ್, ನಾನು ಬರೀ ಮಧ್ಯದವನು, ಓನರ್‌ನ ಕೇಳಿ" ಅಂದ. ಪೇಪರ್ ತೆಗೆದು ನೋಡಿದ್ರೆ ಅವನ ಹೆಸರು ಎಲ್ಲೂ ಇಲ್ಲ! ಹಳೆ ಓನರ್ ಸೈನ್ ಹಾಕಿದ ಫಾರಂ 29, 30 (ಗಾಡಿ ಹೆಸರು ಬದಲಾಯಿಸೋಕೆ ಆರ್‌ಟಿಒಗೆ ಕೊಡೋವು), ಒಂದು ಡೆಲಿವರಿ ನೋಟ್, ಅಷ್ಟೇ.

ಅದಕ್ಕೇ ಹೇಳೋದು, ಇಂಜಿನ್ ಸೌಂಡ್ ಕೇಳೋಕ್ ಮುಂಚೆ ಮಾರ್ತಿರೋದು ಯಾರು ಅಂತ ಕೇಳಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಹೊಸ ಸಾಮಾನಿಗೆ ಮಾತ್ರ ಅಂತ ಎಲ್ಲೂ ಹೇಳಿಲ್ಲ, ವ್ಯಾಪಾರ ಮಾಡೋನ ಹತ್ರ ದುಡ್ಡು ಕೊಟ್ಟು ತಗೊಂಡ್ರೆ ಹಳೆ ಕಾರಿಗೂ ಅದೇ ಕಾಯ್ದೆ. ಆದ್ರೆ ಪಕ್ಕದ ಮನೆಯವರು ತಮ್ಮ ಸ್ವಂತ ಗಾಡಿ ಮಾರಿದ್ರೆ ಅವರು ವ್ಯಾಪಾರಿ ಅಲ್ಲ, ಅಲ್ಲಿ ಗ್ರಾಹಕ ಆಯೋಗಕ್ಕೆ (ಅಂದ್ರೆ ಗ್ರಾಹಕರ ಕೋರ್ಟಿಗೆ) ಹೋಗೋಕಾಗಲ್ಲ. ಡೀಲರ್ ಪೇಪರಿಂದ ಜಾರ್ಕೊಳೋದೇ ಈ ಕಾರಣಕ್ಕೆ, ಕಾಗದದಲ್ಲಿ ಇದು ಓನರ್ ನಿಮಗೇ ನೇರವಾಗಿ ಮಾರಿದ ಹಾಗೆ ಕಾಣ್ಬೇಕು.

ಇದನ್ನ ತಡೆಯೋಕೆ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ಬಂದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಳೆ ಗಾಡಿ ವ್ಯಾಪಾರ ಮಾಡೋ ಡೀಲರ್ ಆರ್‌ಟಿಒದಿಂದ ಅಧಿಕೃತ ಪತ್ರ ತಗೋಬೇಕು, ಓನರ್ ಅವನಿಗೆ ಗಾಡಿ ಒಪ್ಪಿಸಿದಾಗ ಫಾರಂ 29ಸಿ ಹಾಕಬೇಕು, ಅಲ್ಲಿಂದ ಆ ಗಾಡಿಗೆ ಡೀಲರೇ ಓನರ್ ಅಂತ ಲೆಕ್ಕ. ಆದ್ರಿಂದ ಸಂಕೋಚ ಬೇಡ, "ಅಣ್ಣಾ, ನಿಮ್ಮ ಅಧಿಕೃತ ಪತ್ರ ತೋರ್ಸಿ, 29ಸಿ ಹಾಕಿದೀರಾ" ಅಂತ ಕೇಳಿಬಿಡಿ. ಮಾತು ತಿರುಗಿಸಿದ್ರೆ ನನ್ ಪ್ರಕಾರ ಗಾಡಿ ಎಷ್ಟೇ ಚೆನ್ನಾಗಿದ್ರೂ ಎದ್ದು ಬನ್ನಿ.

ಬಿಲ್ ಅವನ ಅಂಗಡಿ ಹೆಸರಲ್ಲೇ ಆಗ್ಬೇಕು, ದುಡ್ಡು ಅಂಗಡಿ ಅಕೌಂಟಿಗೇ ಹೋಗ್ಬೇಕು, ಟೋಕನ್ ಅಡ್ವಾನ್ಸ್ ಕೂಡ. ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತಗೊಳೋದಕ್ಕೆ ಆದಾಯ ತೆರಿಗೆ ಕಾನೂನಲ್ಲಿ ಅವಕಾಶಾನೇ ಇಲ್ಲ, "ಕ್ಯಾಶ್ ಕೊಟ್ರೆ ಹತ್ತು ಸಾವಿರ ಕಮ್ಮಿ" ಅಂದ್ರೆ ಆ ಹತ್ತು ಸಾವಿರಕ್ಕೆ ನಿಮ್ಮ ಸಾಕ್ಷಿ ಮಾರ್ಕೊಂಡ ಹಾಗೆ. ಇನ್ನು ಜಿಎಸ್‌ಟಿ 18 ಪರ್ಸೆಂಟ್ ಅಂತ ಹೇಳಿ ಪೂರ್ತಿ ರೇಟಿನ ಮೇಲೆ ಹಾಕಿ ಹೆದರಿಸ್ತಾರೆ, ನಂಬಬೇಡಿ. ಹಳೆ ಗಾಡಿಗೆ ಆ ಟ್ಯಾಕ್ಸ್ ಲೆಕ್ಕ ಡೀಲರ್‌ನ ಮಾರ್ಜಿನ್ ಮೇಲೆ ಮಾತ್ರ, ನಾಲ್ಕು ಲಕ್ಷಕ್ಕೆ ತಗೊಂಡು ನಾಲ್ಕೂವರೆಗೆ ಮಾರಿದ್ರೆ ಟ್ಯಾಕ್ಸ್ ಐವತ್ತು ಸಾವಿರಕ್ಕೆ.

ಬಾಯಲ್ಲಿ ಹೇಳಿದ್ದೆಲ್ಲ ಬಿಲ್ ಮೇಲೆ ಬರೆಸಿ. ಮೀಟರ್ ರೀಡಿಂಗ್ ಎಷ್ಟು, ಆಕ್ಸಿಡೆಂಟ್ ಆಗಿಲ್ಲ, ನೀರಲ್ಲಿ ಮುಳುಗಿಲ್ಲ, ಎಷ್ಟನೇ ಓನರ್, ವಾರಂಟಿ ಇದ್ರೆ ಗಾಡಿಯ ಯಾವ ಪಾರ್ಟ್‌ಗೆ ಎಷ್ಟು ತಿಂಗಳು. ಸುಳ್ಳು ಹೇಳಿ ಮಾರೋದು ಅನುಚಿತ ವ್ಯಾಪಾರ, ಆದ್ರೆ ಅವನು ಹಾಗೆ ಹೇಳಿದ್ದ ಅಂತ ತೋರಿಸೋ ಹೊಣೆ ನಿಮ್ಮದು. ಜಾಹೀರಾತಿನ ಸ್ಕ್ರೀನ್‌ಶಾಟ್, ವಾಟ್ಸಾಪ್ ಮೆಸೇಜ್ ಒಂದನ್ನೂ ಡಿಲೀಟ್ ಮಾಡ್ಬೇಡಿ. ಇಲ್ಲಿ ಒಂದು ವಿಷ್ಯ ಗಮನಿಸಿ, ಸರಕು ಮಾರಾಟ ಕಾಯ್ದೆ 1930ರ ಪ್ರಕಾರ ನೀವು ಗಾಡಿ ನೋಡಿ ತಗೊಂಡಿದ್ರೆ, ನೋಡಿದಾಗ ಗೊತ್ತಾಗಬೇಕಿದ್ದ ದೋಷಕ್ಕೆ ಆಮೇಲೆ ಜಗಳ ಮಾಡೋದು ಕಷ್ಟ. ಬಂಪರ್ ಒಡೆದಿರೋದು, ಟೈರ್ ಸವೆದಿರೋದು ಈ ಲೆಕ್ಕಕ್ಕೆ ಬರುತ್ತೆ. ಮೀಟರ್ ಹಿಂದಕ್ಕೆ ತಿರುಗಿಸಿರೋದು ಬರಲ್ಲ.

ಅದಕ್ಕೇ ನಿಮ್ಮ ಸ್ವಂತ ಮೆಕ್ಯಾನಿಕ್‌ನ ಕರ್ಕೊಂಡು ಹೋಗಿ. ಸೀಟ್ ಬೆಲ್ಟ್ ಪೂರ್ತಿ ಎಳೆದು ನೋಡಿ, ಸ್ಟೆಪ್ನಿ ಎತ್ತಿ ಕೆಳಗೆ ಕೈಯಾಡ್ಸಿ, ಕೆಸರಿನ ಗುರುತು ಸಿಕ್ಕಿದ್ರೆ ನೀರು ಕುಡಿದ ಗಾಡಿ ಇರ್ಬಹುದು (2022ರಲ್ಲಿ ಬೆಂಗಳೂರಿನ ಮಳೆಗೆ ಬೇಸ್‌ಮೆಂಟಲ್ಲಿ ಎಷ್ಟು ಕಾರು ಮುಳುಗಿದ್ವು ಅಂತ ನೆನಪಿದ್ಯಲ್ಲ). ಸರ್ವಿಸ್ ಹಿಸ್ಟರಿ ತೆಗೆಸಿ. ಲೋನ್ ಇದ್ದಿದ್ರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 (ಲೋನ್ ತೀರಿದೆ ಅನ್ನೋ ಕಾಗದಗಳು) ಕೈಗೆ ಬರೋವರೆಗೂ ಪೂರ್ತಿ ದುಡ್ಡು ಕೊಡ್ಬೇಡಿ. ಹೊರ ರಾಜ್ಯದ ಗಾಡಿ ಆದ್ರೆ ಕರ್ನಾಟಕದ ಲೈಫ್ ಟ್ಯಾಕ್ಸ್ ಯಾರು ಕಟ್ಟೋದು ಅಂತ ಮೊದಲೇ ಬರೆಸ್ಕೊಳ್ಳಿ, ಕಮ್ಮಿಗೆ ಸಿಕ್ತು ಅಂತ ಖುಷಿಪಟ್ಟವರು ಇಲ್ಲೇ ಸಿಕ್ಕಾಕ್ಕೊಳೋದು.

ಆರ್‌ಸಿ 30 ದಿನದೊಳಗೆ ನಿಮ್ಮ ಹೆಸರಿಗೆ ಅರ್ಜಿ ಹಾಕ್ಬೇಕು, ಇನ್ಶೂರೆನ್ಸ್‌ಗೆ 14 ದಿನ. ಇನ್ಶೂರೆನ್ಸ್ ಮರೆತ್ರೆ ನಿಮ್ಮ ಸ್ವಂತ ಗಾಡಿ ಡ್ಯಾಮೇಜಿಗೆ ಕ್ಲೇಮ್ ಸಿಗೋದು ಕಷ್ಟ.

ಮೋಸ ಆಗಿದೆ ಅಂತ ಗೊತ್ತಾದ್ರೆ ಮೊದಲು ಡೀಲರ್‌ಗೆ ಸ್ಪೀಡ್ ಪೋಸ್ಟಲ್ಲಿ ನೋಟಿಸ್ ಕಳ್ಸಿ, ಏನು ಹೇಳಿದ್ರು, ಏನು ಬಂತು, ಎಷ್ಟು ದಿನದಲ್ಲಿ ಏನು ಮಾಡ್ಬೇಕು ಅಂತ ಬರೀರಿ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಗೆ ಫೋನ್ ಮಾಡಿ ದೂರು ದಾಖಲಿಸಿ, ಕನ್ನಡದಲ್ಲೇ ಮಾತಾಡ್ಬಹುದು. ಆನ್‌ಲೈನ್ ಪ್ಲಾಟ್‌ಫಾರಂನಲ್ಲಿ ತಗೊಂಡಿದ್ರೆ ಅವರ ದೂರು ಅಧಿಕಾರಿ 48 ಗಂಟೆಯಲ್ಲಿ ದೂರು ಬಂತು ಅಂತ ತಿಳಿಸ್ಬೇಕು, ಒಂದು ತಿಂಗಳಲ್ಲಿ ಬಗೆಹರಿಸ್ಬೇಕು. ಅದ್ಯಾವುದೂ ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕ ಆಯೋಗ. ನೀವು ಕೊಟ್ಟ ದುಡ್ಡು 50 ಲಕ್ಷದವರೆಗೆ ಇದ್ರೆ ಅಲ್ಲೇ, 5 ಲಕ್ಷದವರೆಗೆ ಫೀಸೇ ಇಲ್ಲ, ಅದರ ಮೇಲೆ 10 ಲಕ್ಷದವರೆಗೆ ಬರೀ 200 ರೂಪಾಯಿ, ಲಾಯರ್ ಇಲ್ದೆ ನೀವೇ ವಾದ ಮಾಡ್ಬಹುದು. ಗಾಡಿ ಬೆಂಗಳೂರಲ್ಲಿ ತಗೊಂಡು ನೀವು ಹಾಸನದಲ್ಲಿದ್ರೆ ಹಾಸನದಲ್ಲೇ ಹಾಕ್ಬಹುದು. ಎರಡು ವರ್ಷದೊಳಗೆ ಹಾಕ್ಬೇಕು. ಹಳದಿ ಬೋರ್ಡ್ ಗಾಡಿ ತಗೊಂಡು ಹೊಟ್ಟೆಪಾಡಿಗೆ ತಾವೇ ಓಡಿಸೋ ಡ್ರೈವರ್ ಅಣ್ಣಂದಿರಿಗೂ ಈ ಹಕ್ಕಿದೆ.

ನಮ್ಮ ಹುಡುಗ ಅರ್ಧ ದುಡ್ಡು ಡೀಲರ್ ಅಂಗಡಿಯ ಯುಪಿಐಗೆ ಹಾಕಿದ್ದ, "52,000 ಒರಿಜಿನಲ್" ಅಂತ ಡೀಲರ್ ಕಳ್ಸಿದ ಮೆಸೇಜ್ ಫೋನಲ್ಲಿತ್ತು. ನೋಟಿಸ್ ಜೊತೆ ಅವೆರಡನ್ನೂ, ಸರ್ವಿಸ್ ಸೆಂಟರ್ ಕೊಟ್ಟ ಹಿಸ್ಟರಿನೂ ಲಗತ್ತಿಸಿದ್ವಿ, ಮೂರನೇ ವಾರಕ್ಕೆ ಅವನೇ ಫೋನ್ ಮಾಡಿ ಮಾತುಕತೆಗೆ ಕರೆದ. ಒಂದೇ ತಪ್ಪು ಮಾಡಿದ್ವಿ, ಹಳೆ ಕ್ಲಚ್ ಪ್ಲೇಟ್ ಬಿಸಾಕಿದ್ವಿ. ನೀವು ರಿಪೇರಿ ಮಾಡ್ಸೋಕ್ ಮುಂಚೆ ಫೋಟೋ ತೆಗೀರಿ, ಮೆಕ್ಯಾನಿಕ್ ಹತ್ರ ಲೆಟರ್‌ಹೆಡ್ ಮೇಲೆ ಬರೆಸ್ಕೊಳ್ಳಿ, ತೆಗೆದ ಪಾರ್ಟ್ ಚೀಲಕ್ಕೆ ಹಾಕಿ ಮನೇಲಿಟ್ಕೊಳ್ಳಿ.